ಮೊದಲು ಮರಳುವ ಹೊತ್ತು

ಹಿಮಾಲಯದ ಎತ್ತರದಲ್ಲಿರುವ ಒಂದು ಕೆರೆಯನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನಿಮ್ಮಲ್ಲಿ ಹಲವರಿಗೆ ಇದ್ದೀತು. ಆದರೆ ವಾರಗಟ್ಟಲೆ ಡೇರೆಯಲ್ಲಿ ಮಲಗುವ ಚಾರಣ ಎಲ್ಲರಿಂದ ಆಗುವುದಿಲ್ಲ. ರಜೆ ಸಿಗುವುದಿಲ್ಲ. ಮಂಡಿ ಒಪ್ಪುವುದಿಲ್ಲ. ಮನೆಯವರು ಬಿಡುವುದಿಲ್ಲ. ಅಂಥವರಿಗೂ ಒಂದು ದಾರಿ ಇದೆ. ಬೆಳಿಗ್ಗೆ ಹತ್ತಿ, ಕೆರೆ ನೋಡಿ, ಸಂಜೆ ಬಿಸಿ ಊಟಕ್ಕೆ ಕೆಳಗಿನ ಊರಿಗೆ ಬಂದುಬಿಡಬಹುದು. ಇವತ್ತು ನಾನು ಹೇಳಹೊರಟಿರುವುದು ಅಂಥ ಒಂದು ದಿನದ ದಾರಿಯ ಬಗ್ಗೆ. ಜಿಲ್ಲೆ, ಉತ್ತರಾಖಂಡದ ಚಮೋಲಿ. ಕೆರೆ, ಹೇಮಕುಂಡ.

ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟಕ್ಕೆ ಹೊರಡುವ ಮುನ್ನ ನಾವೆಲ್ಲ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಹೊತ್ತಿಗೆ ಹೊರಡೋಣ? ಎಷ್ಟು ಹೊತ್ತಿಗೆ ತಲುಪುತ್ತೇವೆ? ಮರಳುವ ಮಾತನ್ನು ಯಾರೂ ಎತ್ತುವುದಿಲ್ಲ. ಹೋದವರು ಬಂದೇ ಬರುತ್ತಾರಲ್ಲ ಎಂಬ ನಂಬಿಕೆ. ನಾನು ಹೇಳುವುದಿಷ್ಟೆ: ಆ ಲೆಕ್ಕವನ್ನು ತಲೆಕೆಳಗು ಮಾಡಿ. ಸಂಜೆ ಕೆಳಗಿನ ಊರು ಸೇರುವ ಹೊತ್ತನ್ನು ಮೊದಲು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೊದಲು ಜಾಗದ ಪರಿಚಯ. ನಕ್ಷೆ ನಿಮ್ಮ ಮುಂದಿಲ್ಲ. ಮನಸ್ಸಿನಲ್ಲೇ ಬರೆದುಕೊಳ್ಳಿ. ಋಷಿಕೇಶದಿಂದ ಬದರಿನಾಥಕ್ಕೆ ಒಂದು ಹೆದ್ದಾರಿ ಹೋಗುತ್ತದೆ. ಮೊದಲು ಗಂಗೆಯ ಪಕ್ಕ, ದೇವಪ್ರಯಾಗದಿಂದ ಮುಂದೆ ಅಲಕನಂದೆಯ ಪಕ್ಕ. ಸುಮಾರು 250 ಕಿಲೋಮೀಟರ್ ಸಾಗಿದರೆ ಜೋಶಿಮಠ. ಅಲ್ಲಿಂದ ಇನ್ನೊಂದು 20 ಕಿಲೋಮೀಟರ್ ಹೋದರೆ ಗೋವಿಂದಘಾಟ್. ಇಲ್ಲಿ ಬದರಿಯ ದಾರಿ ನೇರ ಹೋಗಲಿ. ನಾವು ಬಲಕ್ಕೆ ಇಳಿಯೋಣ. ಸೇತುವೆಯ ಮೇಲೆ ಅಲಕನಂದೆಯನ್ನು ದಾಟಿ, ಪಕ್ಕದ ಕಣಿವೆಯನ್ನು ಹೊಕ್ಕರೆ ಪುಲ್ನಾ ಎಂಬ ಹಳ್ಳಿ. ಅಲ್ಲಿಯವರೆಗೆ ಜೀಪು ಬರುತ್ತದೆ. ಆಮೇಲೆ ಸುಮಾರು 10 ಕಿಲೋಮೀಟರ್ ನಡಿಗೆ. ನದಿಯ ಸದ್ದು ಕಿವಿಯಲ್ಲೇ ಇರುತ್ತದೆ. ಆ ನಡಿಗೆ ಮುಗಿಯುವಲ್ಲಿ ಘಾಂಘರಿಯಾ.

ಘಾಂಘರಿಯಾ ಬೇಸಿಗೆಯ ಊರು. ಹೇಮಕುಂಡದ ಯಾತ್ರೆ ನಡೆಯುವ ತಿಂಗಳುಗಳಲ್ಲಿ ಮಾತ್ರ ಅಲ್ಲಿ ಜನ. ಚಳಿಗಾಲದಲ್ಲಿ ಬಾಗಿಲು ಹಾಕಿ ಎಲ್ಲರೂ ಕೆಳಗಿಳಿಯುತ್ತಾರೆ. ಒಂದು ಗುರುದ್ವಾರ, ಸಾಲು ಲಾಡ್ಜುಗಳು, ಊಟದ ಅಂಗಡಿಗಳು, ಹೇಸರಗತ್ತೆಗಳ ಗಂಟೆ ಸದ್ದು. ಕಾರಿಲ್ಲ, ಬಸ್ಸಿಲ್ಲ. ಊರು ದಾಟುತ್ತಿದ್ದಂತೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಹೂವಿನ ಕಣಿವೆ. ಬಲಕ್ಕೆ ಹತ್ತಿದರೆ ಹೇಮಕುಂಡ. ಬಲಗಡೆಯ ದಾರಿ ಕಲ್ಲು ಹಾಸಿದ್ದು. ತಿರುವಿನ ಮೇಲೆ ತಿರುವು. ಉದ್ದ ಸುಮಾರು 6 ಕಿಲೋಮೀಟರ್.

ಆರೇ ಕಿಲೋಮೀಟರ್! ಬೆಂಗಳೂರಿನಲ್ಲಿ ಬೆಳಗಿನ ವಾಕಿಂಗ್ ಹೋಗುವವರು ಇದನ್ನು ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಮೋಸ ಇರುವುದು ಇಲ್ಲೇ. ಘಾಂಘರಿಯಾ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ. ಕೆರೆ ಇರುವುದು 4,000 ಮೀಟರಿಗೂ ಮೇಲೆ. ಈ ಆರು ಕಿಲೋಮೀಟರಿನಲ್ಲಿ ನೀವು ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೆ ಏರುತ್ತೀರಿ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಆ ಏರನ್ನು ನೆನೆಸಿಕೊಳ್ಳಿ. ಹೇಮಕುಂಡದ ಏರು ಅದರ ಸುಮಾರು ನಾಲ್ಕರಷ್ಟು. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಅದು ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ನೀವು ಹತ್ತಲು ಶುರುಮಾಡುವ ಘಾಂಘರಿಯಾವೇ ಅದಕ್ಕಿಂತ ಸಾವಿರ ಮೀಟರ್ ಮೇಲಿದೆ.

ಇಲ್ಲಿಯವರೆಗೆ ಹೇಳಿದ್ದು ಜಾಗದ ಮಾತು. ಗೋವಿಂದಘಾಟ್, ಪುಲ್ನಾ, ಘಾಂಘರಿಯಾ, ಅಲ್ಲಿಂದ ಆರು ಕಿಲೋಮೀಟರ್ ಏರು. ಇನ್ನು ಗಾಳಿಯ ಮಾತು. ಮರಳುವ ಹೊತ್ತನ್ನು ಮೊದಲು ಬರೆಯಬೇಕು ಎನ್ನುವುದಕ್ಕೆ ದೊಡ್ಡ ಕಾರಣ ಈ ಗಾಳಿಯೇ.

ಎತ್ತರ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಕೆರೆಯ ದಡದಲ್ಲಿ ನೀವು ಒಂದು ಸಲ ಉಸಿರೆಳೆದರೆ ಒಳಕ್ಕೆ ಹೋಗುವ ಆಮ್ಲಜನಕ, ಮಂಗಳೂರಿನ ಕಡಲ ತೀರದಲ್ಲಿ ಸಿಗುವುದರ ಸುಮಾರು 60 ಭಾಗ ಮಾತ್ರ, ನೂರಕ್ಕೆ ಅರವತ್ತು. ಉಳಿದ ನಲವತ್ತನ್ನು ತುಂಬಿಕೊಳ್ಳಲು ಶ್ವಾಸಕೋಶ ಬೇಗಬೇಗ ಎಳೆಯುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು. ಆದರೆ ಅದಕ್ಕೆ ದಿನಗಳು ಬೇಕು. ಒಗ್ಗುವ ಮುನ್ನವೇ ಮೇಲಕ್ಕೆ ಹೋದರೆ ತಲೆನೋವು, ವಾಕರಿಕೆ, ತಲೆಸುತ್ತು, ಊಟ ಬೇಡವೆನಿಸುವುದು ಶುರುವಾಗುತ್ತವೆ. ಇದು ಎತ್ತರದ ಕಾಯಿಲೆ. ಯುವಕರಿಗೆ ಬರುವುದಿಲ್ಲ, ಜಿಮ್‌ಗೆ ಹೋಗುವವರಿಗೆ ಬರುವುದಿಲ್ಲ ಎನ್ನುವ ಮಾತು ನಿಜವಲ್ಲ. ಗಟ್ಟಿಮುಟ್ಟಾದವರು ವೇಗವಾಗಿ ಏರುತ್ತಾರೆ. ಆ ವೇಗದಿಂದಲೇ ಕಾಯಿಲೆ ಬೀಳುತ್ತಾರೆ.

ಆದ್ದರಿಂದ ಈ ಒಂದು ದಿನದ ಚಾರಣ ಮೂರು ನಾಲ್ಕು ದಿನ ಮೊದಲೇ ಶುರುವಾಗುತ್ತದೆ. ಮೊದಲ ದಿನ ಋಷಿಕೇಶದಿಂದ ಹೊರಟು ಜೋಶಿಮಠದಲ್ಲಿ ರಾತ್ರಿ ಕಳೆಯಿರಿ. ಎರಡನೇ ದಿನ ಘಾಂಘರಿಯಾಕ್ಕೆ ನಡೆಯಿರಿ. ಮೂರನೇ ದಿನವೇ ಕೆರೆಗೆ ಓಡಬೇಡಿ. ಅಂದು ಎಡಗಡೆಯ ದಾರಿ ಹಿಡಿದು ಹೂವಿನ ಕಣಿವೆಗೆ ಹೋಗಿ ಬನ್ನಿ. ಅಲ್ಲಿ ಏರು ಕಡಿಮೆ. 1931ರಲ್ಲಿ ಕಾಮೆಟ್ ಶಿಖರ ಏರಿ ಇಳಿದು ಬರುತ್ತಿದ್ದ ಫ್ರಾಂಕ್ ಸ್ಮೈಥ್ ಮತ್ತು ಸಂಗಡಿಗರು ಕಂಡು ಬೆರಗಾದ ಕಣಿವೆ ಅದು. ಈಗ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಣ್ಣಿಗೆ ಹಬ್ಬ, ದೇಹಕ್ಕೆ ಅಭ್ಯಾಸ, ಎರಡೂ ಒಟ್ಟಿಗೆ. ಘಾಂಘರಿಯಾದಲ್ಲಿ ಎರಡು ರಾತ್ರಿ ಮಲಗಿದ ದೇಹ ನಾಲ್ಕನೇ ದಿನ ಕೆರೆಯ ಏರಿಗೆ ಹೆಚ್ಚು ಸಿದ್ಧವಾಗಿರುತ್ತದೆ.

ಎತ್ತರಕ್ಕೆ ಒಗ್ಗಲು ನೆರವಾಗುವ ಮಾತ್ರೆಯೂ ಇದೆ, ಅಸೆಟಜೋಲಮೈಡ್ ಎಂದು. ಅಂಗಡಿಯಲ್ಲಿ ನೇರವಾಗಿ ಕೊಳ್ಳಬೇಡಿ. ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಿ. ಹೃದಯದ ತೊಂದರೆ, ಆಸ್ತಮಾ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಟಿಕೆಟ್ ತೆಗೆಸುವ ಮುನ್ನವೇ ವೈದ್ಯರ ಬಳಿ ಹೋಗಿ.

ಜಾಗ ಗೊತ್ತಾಯಿತು. ಗಾಳಿ ತೆಳುವೆಂದೂ ಗೊತ್ತಾಯಿತು. ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಗಡಿಯಾರದ ಲೆಕ್ಕ ಮಾಡೋಣ.

ಬೆಟ್ಟ ಹತ್ತಲು ಎಷ್ಟು ಹೊತ್ತು ಬೇಕು? ಇದಕ್ಕೆ ಹಳೆಯದೊಂದು ಸೂತ್ರ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಹಾಕಿ ನೋಡಿ. 6 ಕಿಲೋಮೀಟರಿಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಏರು 1,200 ಮೀಟರ್ ಎಂದು ಇಟ್ಟುಕೊಂಡರೆ ಎರಡು ಗಂಟೆ. ಒಟ್ಟು ಮೂರೂ ಕಾಲು ಗಂಟೆಯ ಸುಮಾರು. ಆದರೆ ನೈಸ್ಮಿತ್ ನಡೆದದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿಯ ಅತಿ ಎತ್ತರದ ಶಿಖರವೇ 1,400 ಮೀಟರ್ ಮುಟ್ಟುವುದಿಲ್ಲ. ತೆಳು ಗಾಳಿಗೆ ಅರ್ಧದಷ್ಟು ಸೇರಿಸಿ. ಐದು ಗಂಟೆಯಾಯಿತು. ಚಹಾ, ವಿಶ್ರಾಂತಿ, ಹೇಸರಗತ್ತೆಗಳಿಗೆ ದಾರಿ ಬಿಡುವುದು, ಇವಕ್ಕೆ ಒಂದು ಗಂಟೆ. ಒಟ್ಟು ಆರು. ಇದಕ್ಕಿಂತ ಬೇಗ ಹತ್ತುವವರು ಇದ್ದಾರೆ. ಆದರೆ ಮನೆಮಂದಿಯನ್ನು ಕರೆದುಕೊಂಡು ಹೋಗುವವರು ಆರು ಎಂದೇ ಬರೆದುಕೊಳ್ಳಿ.

ಈಗ ಸಂಜೆಯಿಂದ ಹಿಂದಕ್ಕೆ ಬನ್ನಿ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳರ ಮೇಲೆ. ಆದರೆ ಕಣಿವೆಯಲ್ಲಿ ಬೆಳಕು ಬೇಗ ಸೋರಿಹೋಗುತ್ತದೆ. ಮೋಡ ಕವಿದರೆ, ಮರಗಳ ನಡುವೆ, ಆರಕ್ಕೇ ಮಬ್ಬು. ಆದ್ದರಿಂದ ಘಾಂಘರಿಯಾ ಸೇರುವ ಹೊತ್ತು ಸಂಜೆ 5 ಎಂದು ಬರೆಯಿರಿ. ಇಳಿಯಲು ಮೂರು ಗಂಟೆ. ಹಾಗಾದರೆ ಕೆರೆ ಬಿಡುವುದು ಮಧ್ಯಾಹ್ನ 2ಕ್ಕೆ. ಕೆರೆಯ ದಡದಲ್ಲಿ ಒಂದು ಗುರುದ್ವಾರ ಇದೆ. ಅದರ ರೂಢಿಯೂ ಇದೇ. ಅಲ್ಲಿ ಯಾತ್ರಿಕರಿಗೆ ರಾತ್ರಿ ತಂಗಲು ಅವಕಾಶ ಇಲ್ಲ. ಎರಡು ಗಂಟೆಯ ಸುಮಾರಿಗೆ ಎಲ್ಲರನ್ನೂ ಕೆಳಗೆ ಕಳಿಸುತ್ತಾರೆ. ಆ ಕಟ್ಟಳೆಯ ಹಿಂದೆ ಅನುಭವ ಇದೆ. ಕೆರೆಯ ಬಳಿ ಎರಡು ಗಂಟೆ ಬೇಕು. ಆದ್ದರಿಂದ ತಲುಪುವುದು 12ಕ್ಕೆ. ಏರಲು ಆರು ಗಂಟೆ. ಹೊರಡುವುದು ಬೆಳಿಗ್ಗೆ 6ಕ್ಕೆ. ಇದು ಕಡೆಯ ಗಳಿಗೆ. 5ಕ್ಕೆ ಹೊರಟರೆ ಒಂದು ಗಂಟೆ ಕೈಯಲ್ಲಿ ಉಳಿಯುತ್ತದೆ. ಏಳುವುದು 4ಕ್ಕೆ. ಹಿಂದಿನ ರಾತ್ರಿ 8ಕ್ಕೆ ದೀಪ ಆರಿಸಬೇಕು.

ಒಂದು ಎಚ್ಚರಿಕೆ. ಈ ಲೆಕ್ಕ ಜುಲೈ, ಆಗಸ್ಟ್‌ನದು. ಗುರುದ್ವಾರ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ. ಮುಚ್ಚುವುದು ಅಕ್ಟೋಬರ್ ಎರಡನೇ ವಾರದ ಸುಮಾರಿಗೆ. ದಿನಾಂಕ ವರ್ಷವರ್ಷವೂ ಬೇರೆ. ವಿಚಾರಿಸಿಕೊಂಡು, ನೋಂದಣಿ ಮಾಡಿಸಿಕೊಂಡೇ ಹೊರಡಿ. ಅಕ್ಟೋಬರ್ ಮೊದಲ ವಾರ ಹೋಗುವವರಿಗೆ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ. ಜುಲೈಗಿಂತ ಒಂದು ಗಂಟೆಗೂ ಹೆಚ್ಚು ಬೆಳಕು ಸಂಜೆಯಲ್ಲೇ ಖೋತಾ. ಅವರು ಸಂಜೆ 5ರ ಬದಲು 4 ಎಂದು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸಲಿ.

ಗಡಿಯಾರದ ಲೆಕ್ಕ ಮುಗಿಯಿತು. ಸಂಜೆ 5, ಮಧ್ಯಾಹ್ನ 2, ನಡುಹಗಲು 12, ಬೆಳಿಗ್ಗೆ 5. ಈ ನಾಲ್ಕು ಹೊತ್ತನ್ನು ನೆನಪಿಡಿ. ಇನ್ನು ಆಕಾಶದ ಮಾತು.

ಬೆಟ್ಟದಲ್ಲಿ ಬೆಳಗಿನ ಆಕಾಶ ಬೇರೆ, ಮಧ್ಯಾಹ್ನದ ಆಕಾಶ ಬೇರೆ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಕಣಿವೆಯ ತೇವವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಎತ್ತರದಲ್ಲಿ ಅದು ತಣಿದು ಮೋಡವಾಗುತ್ತದೆ. ಬೆಳಿಗ್ಗೆ ಏಳಕ್ಕೆ ನೀಲಿಯಾಗಿದ್ದ ಆಕಾಶ ಒಂದು ಗಂಟೆಗೆ ಬೂದಿ ಬಣ್ಣ. ಆಮೇಲೆ ಮಳೆ, ಕೆಲವೊಮ್ಮೆ ಆಲಿಕಲ್ಲು, ಗುಡುಗು ಮಿಂಚು. ಮಧ್ಯಾಹ್ನದ ಮಳೆಗೆ ತೊರೆಗಳೂ ಉಕ್ಕುತ್ತವೆ. ಜೂನ್‌ನಲ್ಲಿ ಹೋಗುವವರಿಗೆ ದಾರಿಯ ಮೇಲ್ಭಾಗದಲ್ಲಿ ಹಿಮ ಇನ್ನೂ ಇರುತ್ತದೆ. ಅಟ್ಲಾಕೋಟಿ ಎಂಬಲ್ಲಿ ಹಿಮವನ್ನು ಕಡಿದು ದಾರಿ ಮಾಡಿರುತ್ತಾರೆ. ಬಿಸಿಲಿಗೆ ಆ ಹಿಮ ಮೆತ್ತಗಾಗುತ್ತದೆ, ಜಾರುತ್ತದೆ. ಇವೆಲ್ಲ ಹೇಳುವುದು ಒಂದನ್ನೇ. ಬೆಳಗಿನ ಗಂಟೆಗಳು ಏರಲಿಕ್ಕೆ ಇರುವವು. ಮಧ್ಯಾಹ್ನ ಕೆಳಮುಖವಾಗಿರಬೇಕು.

ಚಳಿಯ ಲೆಕ್ಕವೂ ಸುಲಭ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಸೆಲ್ಷಿಯಸ್ ಇಳಿಯುತ್ತದೆ. ಘಾಂಘರಿಯಾದಲ್ಲಿ 14 ಇದ್ದರೆ ಕೆರೆಯ ಬಳಿ 7 ಅಥವಾ 8. ಅದೇನು ಮಹಾ, ಎನ್ನಬಹುದು. ಬಟ್ಟೆ ಒದ್ದೆಯಾಗಿ, ಗಾಳಿ ಬೀಸಿದರೆ ಆ 8 ಡಿಗ್ರಿಯೇ ಮೈಯ ಬಿಸಿಯನ್ನು ಕಸಿದುಕೊಳ್ಳುತ್ತದೆ. ನಡುಕ ಶುರುವಾಗುತ್ತದೆ, ಮಾತು ತೊದಲುತ್ತದೆ, ಬೆರಳು ಗುಂಡಿ ಹಾಕಲಾರದು. ಹಿಮದಲ್ಲಿ ಹೂತವರಷ್ಟೇ ಚಳಿಗೆ ಸಾಯುತ್ತಾರೆ ಎಂದುಕೊಳ್ಳಬೇಡಿ. ಮಳೆಯಲ್ಲಿ ನೆನೆದವರೂ ಸಾಯುತ್ತಾರೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. 2024ರ ಜೂನ್ ತಿಂಗಳಲ್ಲಿ ಉತ್ತರಕಾಶಿಯ ಕಡೆಯ ಸಹಸ್ರತಾಲ್ ಎಂಬ ಎತ್ತರದ ಕೆರೆಗೆ ಹೋಗಿದ್ದ ನಮ್ಮ ಕರ್ನಾಟಕದ ಚಾರಣಿಗರು ಹಿಮಗಾಳಿಗೆ ಸಿಕ್ಕಿದರು. ಒಂಬತ್ತು ಜನ ತೀರಿಕೊಂಡರು. ಉಳಿದವರಲ್ಲಿ ಹಲವರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಅದು ಹಲವು ದಿನಗಳ ಚಾರಣ. ಅಲ್ಲಿ ಹೋದವರಲ್ಲಿ ಬೆಟ್ಟದ ಅನುಭವ ಇದ್ದವರೂ ಇದ್ದರು. ಯಾರನ್ನೂ ದೂರಲು ನಾನು ಇದನ್ನು ಹೇಳುತ್ತಿಲ್ಲ. ಆ ಮನೆಗಳ ದುಃಖದ ಮುಂದೆ ಯಾರ ಬುದ್ಧಿವಾದವೂ ನಿಲ್ಲುವುದಿಲ್ಲ. ಹಿಮಾಲಯದ ಆಕಾಶ ಅನುಭವಸ್ಥರನ್ನೂ ಕೇಳಿ ಬದಲಾಗುವುದಿಲ್ಲ, ಅಷ್ಟನ್ನು ಮಾತ್ರ ನಾವು ತಿಳಿದಿರಬೇಕು. ಹೇಮಕುಂಡದ ದಾರಿಯಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಇದೆ. ಕೆಳಗೆ ಮೂರು ಗಂಟೆಯ ದೂರದಲ್ಲಿ ಸೂರು ಇದೆ. ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿದರೆ ಮಾತ್ರ ಆ ಅನುಕೂಲ ನಮ್ಮದು.

ಗಾಳಿ ಆಯಿತು, ಗಡಿಯಾರ ಆಯಿತು, ಆಕಾಶ ಆಯಿತು. ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಮರಳೋಣ ಎಂದು ಹೇಳುವವರು ಯಾರು?

ಮೇಲೆ ನಿಂತು ಇದನ್ನು ತೀರ್ಮಾನಿಸಲು ಹೋಗಬೇಡಿ. ಆಮ್ಲಜನಕ ಕಡಿಮೆಯಾದಾಗ ಕಾಲಿನ ಜೊತೆ ಬುದ್ಧಿಯೂ ಮಂದವಾಗುತ್ತದೆ. ದಣಿವು ಇರುತ್ತದೆ. ಇಷ್ಟು ದೂರ ಬಂದೆವಲ್ಲ ಎಂಬ ಸಂಕಟ ಇರುತ್ತದೆ. ಇಳಿದು ಬರುವವರು ಪ್ರೀತಿಯಿಂದ, ಇನ್ನೇನು ಬಂದೇಬಿಟ್ಟಿತು, ಹತ್ತೇ ನಿಮಿಷ ಎನ್ನುತ್ತಾರೆ. ಅದು ಹುರುಪಿನ ಮಾತು. ಇಳಿಯುವವರ ಹತ್ತು ನಿಮಿಷ, ಏರುವವರಿಗೆ ಮುಕ್ಕಾಲು ಗಂಟೆಯೂ ಆಗಬಹುದು. ತೀರ್ಮಾನವನ್ನು ಹಿಂದಿನ ರಾತ್ರಿ ಘಾಂಘರಿಯಾದಲ್ಲಿ, ಊಟದ ಮುಂದೆ ಕುಳಿತು, ಎಲ್ಲರ ಎದುರು ಮಾಡಿ. ನಾಳೆ 12 ಗಂಟೆಗೆ ಎಲ್ಲಿದ್ದರೂ ನಿಲ್ಲುತ್ತೇವೆ, ಅಲ್ಲಿಂದ ಇಳಿಯುತ್ತೇವೆ. ಕೆರೆ ಕಣ್ಣಳತೆಯಲ್ಲೇ ಇದ್ದರೆ? ಆ ರಿಯಾಯಿತಿಯನ್ನೂ ರಾತ್ರಿಯೇ ಮಾತಾಡಿ. ಅರ್ಧ ಗಂಟೆ ಕೊಡಿ. 12:30ರ ಆಚೆಗೆ ಏನೂ ಇಲ್ಲ.

ಹಾಗೆಯೇ ನಡುದಾರಿಯ ಗುರುತು. 5ಕ್ಕೆ ಹೊರಟವರು 8ರ ಹೊತ್ತಿಗೆ ಅರ್ಧ ಏರಿರಬೇಕು. 9 ಆದರೂ ಅರ್ಧ ಆಗಿಲ್ಲವೆಂದರೆ ನಡೆದು 12ಕ್ಕೆ ತಲುಪುವುದು ಕಷ್ಟ, ಏಕೆಂದರೆ ಮೇಲಿನ ಅರ್ಧ ಕೆಳಗಿನದಕ್ಕಿಂತ ನಿಧಾನ. ಅಲ್ಲಿಯೇ ಯೋಚಿಸಿ. ಹೇಸರಗತ್ತೆ ಸಿಗುತ್ತದೆ. ಬೆನ್ನಮೇಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುವ ಕಂಡಿಯವರು, ಪಲ್ಲಕ್ಕಿಯವರು ಸಿಗುತ್ತಾರೆ. ವಯಸ್ಸಾದವರು ಅದನ್ನು ಹತ್ತಿದರೆ ಪುಣ್ಯ ಕಡಿಮೆಯಾಗುವುದಿಲ್ಲ. ಆದರೆ ಒಂದು ಮಾತು. ತಲೆನೋವು ಬಂದವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ಇನ್ನೂ ಮೇಲಕ್ಕೆ ಒಯ್ಯಬೇಡಿ. ಅವರನ್ನು ಒಯ್ಯಬೇಕಾದದ್ದು ಕೆಳಕ್ಕೆ. ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಬೇಡಿ, ತಕ್ಷಣ ಇಳಿಸಿ. ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.

ಮನೆಮಂದಿ ಜೊತೆಗಿದ್ದಾಗ ಈ ಮಾತು ಆಡುವುದು ಇನ್ನೂ ಕಷ್ಟ. ತಾಯಿ ಹರಕೆ ಹೊತ್ತು ಬಂದಿರುತ್ತಾರೆ. ಮಗ ವಾಚು ನೋಡಿ, “ಅಮ್ಮ, ಹನ್ನೆರಡೂವರೆ ಆಯ್ತು, ಇಳಿಯೋಣ” ಎನ್ನುತ್ತಾನೆ. “ಇನ್ನೆರಡು ತಿರುವು ಅಲ್ವೇನೋ, ಇಷ್ಟು ದೂರ ಬಂದು ಹೇಗೋ ಬಿಡೋದು?” ಎನ್ನುತ್ತಾರೆ ತಾಯಿ. ಆಗ ಮಗನ ಬಳಿ ವಾದಕ್ಕೆ ಏನೂ ಇರುವುದಿಲ್ಲ. ಹಿಂದಿನ ರಾತ್ರಿ ಆದ ಒಪ್ಪಂದ ಮಾತ್ರ ಇರುತ್ತದೆ. “ನಿನ್ನೆ ರಾತ್ರಿ ನೀನೂ ಹ್ಞೂಂ ಅಂದಿದ್ದೆ ಅಲ್ವಾ ಅಮ್ಮ. ನಾಳೆ ಒಂದು ಗಂಟೆ ಮುಂಚೆ ಹೊರಡೋಣ” ಎನ್ನಬಹುದು. ಇದರಲ್ಲಿ ಯಾರೂ ಸೋತಂತಲ್ಲ. ಆ ನಾಳೆ ಎಂಬ ದಿನ ಕೈಯಲ್ಲಿರಬೇಕು, ಅಷ್ಟೆ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಹೊತ್ತು ನಿಗದಿಯಾಯಿತು, ತೀರ್ಮಾನವೂ ಆಯಿತು. ಚೀಲಕ್ಕೆ ಏನು ಹಾಕಬೇಕು? ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತಿಯ ಬಟ್ಟೆ, ಜೀನ್ಸ್ ಬೇಡ. ನೆನೆದರೆ ಒಣಗುವುದಿಲ್ಲ. ಬೇಗ ಒಣಗುವ ಅಂಗಿ, ಮೇಲೆ ಉಣ್ಣೆಯದು ಅಥವಾ ಫ್ಲೀಸ್, ಅದರ ಮೇಲೆ ನೀರು ಹೊಗದ ರೇನ್‌ಕೋಟ್. ಉಣ್ಣೆ ಟೋಪಿ, ಕೈಗವಸು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಎರಡು ಜೊತೆ ಒಣ ಕಾಲುಚೀಲ. ಗುರುದ್ವಾರದ ಒಳಗೆ ಬೂಟು ಬಿಚ್ಚಬೇಕು, ತಲೆಗೆ ವಸ್ತ್ರ ಹೊದೆಯಬೇಕು. ಒದ್ದೆ ಕಾಲುಚೀಲದಲ್ಲಿ ಆ ನೆಲದ ಮೇಲೆ ನಿಂತವರಿಗೆ ನನ್ನ ಮಾತಿನ ಬೆಲೆ ಗೊತ್ತು. ನೀರು, ಓಆರ್‌ಎಸ್, ಕಡಲೆ ಬೆಲ್ಲ, ಒಣದ್ರಾಕ್ಷಿ. ಹಗಲಿನ ಚಾರಣವಾದರೂ ಟಾರ್ಚ್ ಇರಲೇಬೇಕು. ಊರುಗೋಲು ದಾರಿಯ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಉಪಯೋಗ ಗೊತ್ತಾಗುವುದು ಏರುವಾಗಲ್ಲ, ಇಳಿಯುವಾಗ. ಹೇಸರಗತ್ತೆ ಎದುರು ಬಂದರೆ ಬೆಟ್ಟದ ಗೋಡೆಯ ಕಡೆಗೆ ಸರಿಯಿರಿ, ಕಣಿವೆಯ ಕಡೆಗಲ್ಲ.

ಕಾಲಿಗೆ ತಯಾರಿ ಎರಡು ತಿಂಗಳು ಮುಂಚೆ ಶುರುವಾಗಲಿ. ಚಾಮುಂಡಿ ಬೆಟ್ಟವಿರಲಿ, ನಿಮ್ಮೂರಿನ ಗುಡ್ಡವಿರಲಿ, ಅಪಾರ್ಟ್‌ಮೆಂಟಿನ ಮೆಟ್ಟಿಲಿರಲಿ. ಒಂದು ಸಣ್ಣ ವಿಷಯ, ಬಹಳ ಜನ ಮರೆಯುವುದು. ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ಇಳಿಯಬೇಡಿ, ಲಿಫ್ಟಿನಲ್ಲಿ ಇಳಿಯಬೇಡಿ. ನಡೆದೇ ಇಳಿಯಿರಿ. ಹೇಮಕುಂಡದಿಂದ ಬರುವಾಗ ನೋಯುವುದು ಎದೆಯಲ್ಲ, ಮಂಡಿ ಮತ್ತು ತೊಡೆ. ಒದ್ದೆ ಕಲ್ಲಿನ ಮೇಲೆ, ದಣಿದ ಕಾಲಿನಲ್ಲಿ, ಸಾವಿರ ಮೀಟರ್ ಇಳಿಯುವ ಅಭ್ಯಾಸ ಊರಿನಲ್ಲೇ ಆಗಬೇಕು. ಕುಮಾರ ಪರ್ವತವನ್ನು ಕುಕ್ಕೆಯಿಂದ ಹತ್ತಿ ಇಳಿದವರಿಗೆ ಕಾಲಿನ ತಯಾರಿ ಸಾಕಷ್ಟು ಆಗಿರುತ್ತದೆ. ಆದರೆ ಗಾಳಿಯ ತಯಾರಿ ಕರ್ನಾಟಕದ ಯಾವ ಬೆಟ್ಟದಲ್ಲೂ ಆಗುವುದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಯಾವುದಕ್ಕಾಗಿ? ಕೆರೆಯ ಬಳಿಯ ಆ ಎರಡು ಗಂಟೆಗಾಗಿ. ಈಗ ಅಲ್ಲಿಗೆ ಹೋಗೋಣ.

ಮೊದಲ ಒಂದೆರಡು ಗಂಟೆ ಮರಗಳಿರುತ್ತವೆ. ದೇವದಾರುವಿನ ಬಳಗದ ಎತ್ತರದ ಮರಗಳು, ಆಮೇಲೆ ಬಿಳಿ ತೊಗಟೆಯ ಭೂರ್ಜ. ಹಿಂದಿನವರು ಗ್ರಂಥ ಬರೆಯುತ್ತಿದ್ದದ್ದು ಈ ಭೂರ್ಜದ ತೊಗಟೆಯ ಮೇಲೆ. ಮೇಲೆ ಹೋದಂತೆ ಮರಗಳು ಕುಳ್ಳಾಗಿ, ಕೊನೆಗೆ ನಿಂತುಹೋಗುತ್ತವೆ. ಆಮೇಲೆ ಹುಲ್ಲು, ಬಂಡೆ, ಹೂವು. ನೀಲಿ ಗಸಗಸೆ ಜಾತಿಯ ಹೂವು ಕಲ್ಲುಗಳ ನಡುವೆ ತಲೆಯೆತ್ತಿರುತ್ತದೆ. ಇನ್ನೂ ಮೇಲೆ, ಮಳೆಗಾಲದಲ್ಲಿ, ಬ್ರಹ್ಮಕಮಲ. ನಮ್ಮ ಅಂಗಳದ ಕುಂಡದಲ್ಲಿ ರಾತ್ರಿ ಅರಳುವ ಹೂವಲ್ಲ ಇದು. ಅದು ಅಮೆರಿಕ ಖಂಡದಿಂದ ಬಂದ ಕಳ್ಳಿ ಜಾತಿಯ ಗಿಡ. ಇದು ಹಿಮಾಲಯದ್ದೇ, ಉತ್ತರಾಖಂಡದ ರಾಜ್ಯಪುಷ್ಪ. ಕಾಗದದಂತೆ ತೆಳುವಾದ, ತಿಳಿ ಹಳದಿ ಹಸಿರಿನ ಎಸಳುಗಳು ಒಳಗಿನ ನೇರಳೆ ಹೂಗೊಂಚಲನ್ನು ಮುಚ್ಚಿಕೊಂಡು ಚಳಿಯಿಂದ ಕಾಯುತ್ತವೆ. ಕೀಳಬೇಡಿ. ಆ ಎತ್ತರದಲ್ಲಿ ಒಂದು ಗಿಡ ಹೂವು ಬಿಡುವುದೇ ದೊಡ್ಡ ಸಾಹಸ.

ಕೊನೆಯ ಏರು ದಾಟಿದರೆ ಕೆರೆ. ಸುತ್ತ ಏಳು ಶಿಖರಗಳು. ಹಿಂದೊಮ್ಮೆ ಹಿಮನದಿ ಬಂಡೆಯನ್ನು ಕೊರೆದು ಮಾಡಿದ ತಗ್ಗಿನಲ್ಲಿ ನೀರು ನಿಂತಿದೆ. ಬಿಸಿಲಿದ್ದರೆ ನೀಲಿ ಬೆರೆತ ಹಸಿರು. ಮೋಡ ಬಂದರೆ ಸೀಸದ ಬಣ್ಣ. ಜೂನ್‌ನಲ್ಲಿ ಹಿಮದ ತುಂಡುಗಳು ತೇಲುತ್ತಿರುತ್ತವೆ. ಇಲ್ಲಿಂದ ಹೊರಡುವ ತೊರೆ ಘಾಂಘರಿಯಾದ ಬಳಿ ಹೂವಿನ ಕಣಿವೆಯ ಪುಷ್ಪಾವತಿಯನ್ನು ಸೇರುತ್ತದೆ, ಮುಂದೆ ಗೋವಿಂದಘಾಟ್‌ನಲ್ಲಿ ಅಲಕನಂದೆಗೆ ಬೀಳುತ್ತದೆ. ಪುಲ್ನಾದಿಂದ ಬರುವಾಗ ಕಿವಿಯಲ್ಲಿದ್ದ ಸದ್ದು ಈ ನೀರಿನದೂ ಹೌದು.

ಆ ಕಣಿವೆಯ ಜನ ಇದನ್ನು ಹಿಂದಿನಿಂದಲೂ ಲೋಕಪಾಲ ಎಂದು ಪೂಜಿಸುತ್ತಾ ಬಂದಿದ್ದಾರೆ. ಲಕ್ಷ್ಮಣ ತಪಸ್ಸು ಮಾಡಿದ ಜಾಗ ಎಂಬ ನಂಬಿಕೆ. ಲಕ್ಷ್ಮಣನ ಗುಡಿ ದಡದಲ್ಲೇ ಇದೆ. ಸಿಖ್ಖರಿಗೆ ಇದು ಗುರು ಗೋಬಿಂದ್ ಸಿಂಗರು ಹಿಂದಿನ ಜನ್ಮದಲ್ಲಿ ತಪಸ್ಸಿಗೆ ಕುಳಿತ ಸ್ಥಳ. ‘ಬಚಿತ್ತರ್ ನಾಟಕ’ದಲ್ಲಿ ಏಳು ಶೃಂಗಗಳ ನಡುವಿನ ಹೇಮಕುಂಟದ ಪ್ರಸ್ತಾಪ ಬರುತ್ತದೆ. ಆ ಮಾತನ್ನು ಹಿಡಿದು ಹುಡುಕುತ್ತಾ ಬಂದವರು ಸಂತ ಸೋಹನ್ ಸಿಂಗ್. ಅವರ ಜೊತೆಯಾದವರು ಹವಾಲ್ದಾರ್ ಮೋದನ್ ಸಿಂಗ್. 1930ರ ದಶಕದಲ್ಲಿ ಅವರು ಮೊದಲು ಕಟ್ಟಿದ್ದು ಒಂದು ಸಣ್ಣ ಕೋಣೆಯಷ್ಟೆ. ಈಗಿನ ಕಟ್ಟಡ ಆಮೇಲಿನದು, ಚಳಿಗಾಲದ ಹಿಮದ ಭಾರ ತಾಳುವಂತೆ ಇಳಿಜಾರು ಮಾಡಿನದು. ಒಂದೇ ದಡದಲ್ಲಿ ಗುಡಿ ಮತ್ತು ಗುರುದ್ವಾರ. ಎರಡಕ್ಕೂ ಕೈಮುಗಿದು ಬರುವವರೇ ಹೆಚ್ಚು. ನನಗೆ ಬಹಳ ಹಿಡಿಸಿದ ವಿಷಯ ಇದು.

ಗುರುದ್ವಾರದ ಊಟದ ಮನೆಯಾದ ಲಂಗರ್‌ನಲ್ಲಿ ಬಿಸಿ ಚಹಾ, ಖಿಚಡಿ ಕೊಡುತ್ತಾರೆ. ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಅಕ್ಕಿ ಬೇಳೆ ಬೇಯಲು ನಮ್ಮೂರಿಗಿಂತ ಹೆಚ್ಚು ಹೊತ್ತು, ಹೆಚ್ಚು ಉರುವಲು. ಆ ಉರುವಲು, ಆ ಅಕ್ಕಿ ಎಲ್ಲವೂ ನೀವು ಹತ್ತಿದ ದಾರಿಯಲ್ಲೇ ಮೇಲೆ ಬಂದದ್ದು. ತಟ್ಟೆಯಲ್ಲಿ ಬಿಡದೆ ತಿನ್ನಿ. ಯಾತ್ರಿಕರು ಕೆರೆಯಲ್ಲಿ ಮುಳುಗು ಹಾಕುತ್ತಾರೆ. ನಿಮಗೂ ಮನಸ್ಸಿದ್ದರೆ ಒಂದು ಮುಳುಗು, ಕೂಡಲೇ ಮೈ ಒರೆಸಿ ಒಣಬಟ್ಟೆ. ಹೃದಯದ ತೊಂದರೆ ಇರುವವರು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಮುಳುಗು ಹಾಕುವುದಿದ್ದರೆ ಬಂದ ಕೂಡಲೇ ಹಾಕಿ, ಹೊರಡುವ ಮುಂಚೆ ಅಲ್ಲ. ಮೈ ಮತ್ತೆ ಬಿಸಿಯಾಗಲು ಚಹಾದ ಜೊತೆ ಒಂದು ಗಂಟೆಯಾದರೂ ಬೇಕು. ಮತ್ತೆ 2 ಗಂಟೆಗೆ ಚೀಲ ಬೆನ್ನಿಗೆ. ತಂದ ಕವರು, ಬಾಟಲಿ ಎಲ್ಲ ಚೀಲದಲ್ಲೇ ಕೆಳಗೆ ಬರಲಿ.

ಜಾಗ, ಗಾಳಿ, ಗಡಿಯಾರ, ಆಕಾಶ, ತೀರ್ಮಾನ, ಚೀಲ, ಕೆರೆ. ಇನ್ನು ಉಳಿದದ್ದು ಒಂದೇ. ಆಗ ಹೇಳುತ್ತೇನೆ ಎಂದಿದ್ದೆನಲ್ಲ, ಆ ನಾಳೆಯ ಮಾತು.

ಜನರನ್ನು 12 ಗಂಟೆಯ ಮೇಲೂ ಮುಂದಕ್ಕೆ ತಳ್ಳುವುದು ಬಹಳ ಸಲ ಭಕ್ತಿಯೂ ಅಲ್ಲ, ಹಟವೂ ಅಲ್ಲ. ವಾಪಸ್ ಟಿಕೆಟ್. ನಾಳೆ ಹೊರಡಲೇಬೇಕು, ನಾಡಿದ್ದು ಡೆಹ್ರಾಡೂನಿನಿಂದ ವಿಮಾನ, ಸೋಮವಾರ ಆಫೀಸು. ಹಾಗಾಗಿ ಇವತ್ತು ಬಿಟ್ಟರೆ ಇನ್ನಿಲ್ಲ ಎನಿಸುತ್ತದೆ. ಮರಳುವ ಹೊತ್ತನ್ನು ಮೊದಲು ಬರೆಯಿರಿ ಎಂದೆನಲ್ಲ, ಅದು ಬೆಂಗಳೂರಿನಲ್ಲಿ ಟಿಕೆಟ್ ತೆಗೆಸುವ ದಿನದಿಂದಲೇ ಶುರುವಾಗಬೇಕು. ವಾಪಸ್ ಟಿಕೆಟಿನ ಮುಂಚೆ ಎರಡು ದಿನ ಖಾಲಿ ಇಡಿ. ಒಂದು ದಿನ ರಸ್ತೆಗೆ. ಮಳೆಗಾಲದಲ್ಲಿ ಬದರಿನಾಥದ ಹೆದ್ದಾರಿಯಲ್ಲಿ ಗುಡ್ಡ ಕುಸಿಯುವುದು ಸಾಮಾನ್ಯ, ಗಂಟೆಗಟ್ಟಲೆ, ಕೆಲವೊಮ್ಮೆ ಇಡೀ ದಿನ ವಾಹನಗಳು ನಿಲ್ಲುತ್ತವೆ. 2013ರ ಜೂನ್ ಪ್ರವಾಹದಲ್ಲಿ ಇದೇ ಕಣಿವೆಯ ದಾರಿ, ಸೇತುವೆ, ಭ್ಯೂಂಡಾರ್ ಹಳ್ಳಿಯ ಮನೆಗಳು ಕೊಚ್ಚಿಹೋದವು. ಭಾರಿ ಮಳೆಯ ಎಚ್ಚರಿಕೆ ಇದ್ದ ದಿನ ಜೋಶಿಮಠದಲ್ಲೇ ಕುಳಿತುಕೊಳ್ಳಿ. ಇನ್ನೊಂದು ದಿನ ಕೆರೆಗೆ. ಮೊದಲ ದಿನ ಅರ್ಧದಿಂದ ಮರಳಿದವರು ಮರುದಿನ ಹೊರಡಲಿಕ್ಕೆ. ಮರಳಿ ಬಂದ ದೇಹ ಆ ರಾತ್ರಿ ಇನ್ನಷ್ಟು ಒಗ್ಗಿರುತ್ತದೆ. ದಾರಿ ಗೊತ್ತಾಗಿರುತ್ತದೆ. ಎಲ್ಲಿ ಹೊತ್ತು ಹೋಯಿತು ಎಂಬುದೂ ತಿಳಿದಿರುತ್ತದೆ.

ಘಾಂಘರಿಯಾದಲ್ಲಿ ಕೋಣೆ ಹಿಡಿಯುವಾಗ ಮೂರರ ಬದಲು ನಾಲ್ಕು ರಾತ್ರಿಗೆ ಮಾತಾಡಿಕೊಳ್ಳಿ. ಜುಲೈ ಆಗಸ್ಟ್‌ನಲ್ಲಿ ಅಲ್ಲಿ ಕೋಣೆಗೆ ನೂಕುನುಗ್ಗಲು. ಕೆರೆಯಿಂದ ಮೊದಲ ದಿನವೇ ಸುಖವಾಗಿ ಬಂದುಬಿಟ್ಟರೆ ಉಳಿದ ದಿನ ಹೂವಿನ ಕಣಿವೆಗೆ ಇನ್ನೊಮ್ಮೆ ಹೋಗಿ, ಅಥವಾ ಬದರಿನಾಥಕ್ಕೆ ಹೋಗಿ ಬನ್ನಿ, ಗೋವಿಂದಘಾಟ್‌ನಿಂದ ಅದು 25 ಕಿಲೋಮೀಟರ್ ಅಷ್ಟೆ. ಅರ್ಧದಿಂದ ಮರಳಿದ್ದರೆ, ಲಾಡ್ಜಿನವರಿಗೆ ರಾತ್ರಿಯೇ ಹೇಳಿಬಿಡಿ, ಬೆಳಿಗ್ಗೆ 4ಕ್ಕೆ ಬಾಗಿಲು ತೆರೆಯಬೇಕು ಎಂದು.